ಒಂದು ಭಾನುವಾರ ಹೆಚ್ಚಿಟ್ಟರೆ ವಾರವಿಡೀ ಓತಿಗಳ ಊಟ

ಭಾನುವಾರ, 9 ಮಾರ್ಚ್ 2025

ವಾರಕ್ಕಾಗುವಷ್ಟು ಸೊಪ್ಪು ಹೆಚ್ಚಿ ಡಬ್ಬಿಗೆ ತುಂಬಿಸಿದ್ದಾಯಿತು. ಹುಳಗಳಿಗೂ ಮೇವು ಹಾಕಿದ್ದೇನೆ. ಬಿಯರ್ಡೆಡ್ ಡ್ರ್ಯಾಗನ್ ಎಂಬ ಜಾತಿಯ ಓತಿ ಸಾಕಬೇಕು ಅಂದುಕೊಂಡವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ: "ಇದರ ಊಟಕ್ಕೆ ದಿನಾ ಎಷ್ಟು ಹೊತ್ತು ಬೇಕು?" ದಿನಾ ಜಾಸ್ತಿ ಹೊತ್ತೇನೂ ಬೇಡ. ವಾರದಲ್ಲಿ ಒಮ್ಮೆ ಕೂತು ಸರಿಯಾಗಿ ಕೆಲಸ ಮಾಡಿಟ್ಟರೆ ಸಾಕು, ಉಳಿದ ದಿನ ತಟ್ಟೆ ಇಡುವುದಷ್ಟೇ.

ನಮ್ಮಲ್ಲಿ ಎರಡಿವೆ. ಕೆಂಚ ಪೂರ್ತಿ ಬೆಳೆದವನು. ಪುಟ್ಟಿಗೆ ಇನ್ನೂ ವರ್ಷ ತುಂಬಿಲ್ಲ. ಇವು ಒಟ್ಟಿಗೆ ಇರುವ ಜಾತಿಯಲ್ಲ, ಹಾಗಾಗಿ ಇರುವ ಗಾಜಿನ ಟ್ಯಾಂಕ್ ಬೇರೆ ಬೇರೆ. ಊಟವೂ ಬೇರೆಯೇ. ಮರಿ ಓತಿಗೆ ಬೆಳೆಯಲು ಪ್ರೋಟೀನ್ ಬೇಕು, ಅದರ ಊಟದಲ್ಲಿ ಮುಕ್ಕಾಲು ಪಾಲು ಹುಳ, ಉಳಿದದ್ದು ಸೊಪ್ಪು. ಬೆಳೆದ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸೊಪ್ಪು ಮುಕ್ಕಾಲು, ಹುಳ ಕಾಲು. ಆದ್ದರಿಂದ ಪುಟ್ಟಿಗೆ ದಿನಾ ಎರಡು ಮೂರು ಸಲ ಹುಳ, ಒಂದು ಹತ್ತು ನಿಮಿಷದಲ್ಲಿ ಎಷ್ಟು ತಿನ್ನುತ್ತಾಳೋ ಅಷ್ಟು. ಕೆಂಚನಿಗೆ ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಆಯಿತು. ಬೆಳೆದ ಓತಿ ಹುಳ ಕಂಡಾಗೆಲ್ಲ ಗಾಜಿಗೆ ಅಂಟಿಕೊಂಡು ಆಸೆಯಿಂದ ನೋಡುತ್ತದೆ, ನಿಜ. ಹಾಗಂತ ಕೊಡುತ್ತಾ ಹೋದರೆ ಕೊಬ್ಬು ಬೆಳೆದು ಪಿತ್ತಜನಕಾಂಗಕ್ಕೇ ಕುತ್ತು. ಪ್ರೀತಿ ಇದ್ದವರು ಇಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಮಾಡಲೇಬೇಕು.

ಈಗ ಸೊಪ್ಪಿನ ವಿಷಯ. ನನ್ನ ಡಬ್ಬಿಯಲ್ಲಿ ಸಾಸಿವೆ ಸೊಪ್ಪು, ಟರ್ನಿಪ್ ಎಲೆ, ಕಾಲರ್ಡ್ ಸೊಪ್ಪು, ಡ್ಯಾಂಡೆಲಿಯನ್ ಎಲೆ, ಇವುಗಳಲ್ಲಿ ಯಾವುದಾದರೂ ಎರಡು ಮೂರು ಇರುತ್ತವೆ. ಜೊತೆಗೆ ತುರಿದ ಸಿಹಿಕುಂಬಳ, ಸ್ವಲ್ಪ ಕ್ಯಾಪ್ಸಿಕಂ. ವಾರ ವಾರ ಸೊಪ್ಪು ಬದಲಾಯಿಸುತ್ತೇನೆ. ಪಾಲಕ್ ಮಾತ್ರ ಹಾಕುವುದಿಲ್ಲ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಲೆಟ್ಯೂಸ್‌ನಲ್ಲಿ ಹೆಚ್ಚಿನದು ಬರೀ ನೀರು. ಹೊಟ್ಟೆ ತುಂಬಿದ ಹಾಗಾಗುತ್ತದೆ, ಮೈಗೆ ಏನೂ ಹತ್ತುವುದಿಲ್ಲ.

ತೊಳೆದ ಎಲೆಯನ್ನು ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಒದ್ದೆ ಎಲೆ ಹೆಚ್ಚಿಟ್ಟರೆ ಮೂರನೇ ದಿನಕ್ಕೇ ಲೋಳೆಯಾಗುತ್ತದೆ. ಒಣಗಿದ್ದನ್ನು ಹೆಚ್ಚಿ, ಡಬ್ಬಿಯ ತಳಕ್ಕೊಂದು, ಮೇಲಕ್ಕೊಂದು ಟಿಶ್ಯೂ ಕಾಗದ ಇಟ್ಟು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಹೆಚ್ಚುಕಮ್ಮಿ ವಾರ ಗರಿಗರಿಯಾಗಿರುತ್ತದೆ. ಫ್ರೀಜರ್‌ಗೆ ಹಾಕಿಟ್ಟರೆ ಇನ್ನೂ ಸುಲಭ ಅಲ್ವಾ ಎಂದು ಕೇಳಬಹುದು. ಅವಸರಕ್ಕೆ ಒಂದೆರಡು ದಿನ ಪರವಾಗಿಲ್ಲ. ಆದರೆ ಹೆಪ್ಪುಗಟ್ಟಿಸಿದ ಸೊಪ್ಪಿನಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಕಡಿಮೆಯಾಗುತ್ತದೆ. ದಿನವೂ ಅದನ್ನೇ ಕೊಡುವುದು ಬೇಡ.

ಕೆಂಚ ತಿನ್ನುವುದನ್ನು ಹತ್ತಿರ ಕೂತು ನೋಡಬೇಕು. ತಟ್ಟೆ ಇಟ್ಟ ಕೂಡಲೇ ಬಾಯಿ ಹಾಕುವುದಿಲ್ಲ. ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ದಿಟ್ಟಿಸುತ್ತಾನೆ. ದಪ್ಪ ನಾಲಿಗೆಯ ತುದಿ ಚಾಚಿ ಎಲೆಯನ್ನು ಮುಟ್ಟಿ ನೋಡುತ್ತಾನೆ. ಆಮೇಲೆ ಕೇಸರಿ ಬಣ್ಣದ ಕುಂಬಳದ ಎಳೆಗಳನ್ನೇ ಹುಡುಕಿ ಹುಡುಕಿ ಎತ್ತಿಕೊಳ್ಳುತ್ತಾನೆ. ಅದಕ್ಕೇ ನಾನು ಕುಂಬಳವನ್ನು ಸಣ್ಣಗೆ ತುರಿದು ಸೊಪ್ಪಿನಲ್ಲಿ ಚೆನ್ನಾಗಿ ಕಲಸುವುದು. ಈಗ ಅವನು ಎತ್ತಿದ ಪ್ರತಿ ಎಳೆಗೂ ಒಂದಿಷ್ಟು ಹಸಿರು ಅಂಟಿಕೊಂಡೇ ಬರುತ್ತದೆ. ಕೊಡುವ ಮುಂಚೆ ಸೊಪ್ಪಿಗೆ ಸ್ವಲ್ಪ ನೀರು ಚಿಮುಕಿಸುತ್ತೇನೆ. ಬಟ್ಟಲಲ್ಲಿ ನಿಂತ ನೀರನ್ನು ಎಷ್ಟೋ ಓತಿಗಳು ಗಮನಿಸುವುದೇ ಇಲ್ಲ, ಹೀಗಾದರೂ ನೀರು ಒಳಗೆ ಹೋಗುತ್ತದೆ.

ಹುಳಗಳಲ್ಲಿ ನನ್ನ ಆಯ್ಕೆ ಡುಬಿಯಾ ಜಿರಳೆ. ಮುಖ ಸಿಂಡರಿಸಬೇಡಿ. ಇವು ನುಣುಪಾದ ಡಬ್ಬಿಯ ಗೋಡೆ ಹತ್ತಲಾರವು, ಸದ್ದು ಮಾಡುವುದಿಲ್ಲ, ವಾಸನೆಯೂ ಕಡಿಮೆ, ಬೇಗ ಸಾಯುವುದೂ ಇಲ್ಲ. ಕ್ರಿಕೆಟ್ ಹುಳ ರಾತ್ರಿಯೆಲ್ಲ ಕಿರುಗುಟ್ಟುತ್ತದೆ. ಟ್ಯಾಂಕ್‌ನಲ್ಲಿ ಉಳಿದರೆ ಮಲಗಿದ ಓತಿಯನ್ನೇ ಕಚ್ಚುತ್ತದೆ. ಯಾವ ಹುಳವಾದರೂ ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಪುಟ್ಟಿಗೆ ಕೊಡುವಾಗ ಇದನ್ನು ಕಟ್ಟುನಿಟ್ಟಾಗಿ ನೋಡುತ್ತೇನೆ.

ಹುಳದ ಹೊಟ್ಟೆಯಲ್ಲಿ ಏನಿದೆಯೋ ಅದೇ ಓತಿಯ ಹೊಟ್ಟೆಗೂ ಹೋಗುತ್ತದೆ. ಹಾಗಾಗಿ ಓತಿಗೆ ಕೊಡುವ ಒಂದೆರಡು ದಿನ ಮೊದಲೇ ಜಿರಳೆಗಳಿಗೆ ಸೊಪ್ಪಿನ ದಂಟು, ಕುಂಬಳದ ಸಿಪ್ಪೆ ಹಾಕುತ್ತೇನೆ. ಹೆಚ್ಚುವಾಗ ಉಳಿದದ್ದೆಲ್ಲ ಅಲ್ಲಿಗೇ, ಏನೂ ಹಾಳಾಗುವುದಿಲ್ಲ. ಇಷ್ಟಾದರೂ ಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಜಾಸ್ತಿ. ಓತಿಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ, ರಂಜಕ 1 ಪಾಲು ಇದ್ದರೆ ಕ್ಯಾಲ್ಸಿಯಂ 2 ಪಾಲು. ಅದಕ್ಕೇ ಹುಳಗಳನ್ನು ಒಂದು ಡಬ್ಬಿಗೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ ಮೆಲ್ಲಗೆ ಕುಲುಕಿ ಕೊಡುವುದು. ಪುಡಿ ತೆಳ್ಳಗೆ ಹತ್ತಿದರೆ ಸಾಕು. ಇದನ್ನು ಕಡೆಗಣಿಸಿದರೆ ಮೂಳೆ ಮೆತ್ತಗಾಗುತ್ತದೆ, ದವಡೆ ಊದುತ್ತದೆ, ಕಾಲು ಸೊಟ್ಟಗಾಗುತ್ತದೆ. ನೋಡಲಾಗದಂಥ ಕಾಯಿಲೆ ಅದು. ಪುಡಿಯೊಂದೇ ಸಾಲದು, ಯುವಿಬಿ ದೀಪವೂ ಬೇಕು. ಯುವಿಬಿ ಅಂದರೆ ಬಿಸಿಲಿನಲ್ಲೂ ಇರುವ ಒಂದು ಬಗೆಯ ನೇರಳಾತೀತ ಕಿರಣ. ಆ ಬೆಳಕು ಬಿದ್ದರೇ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದು, ಡಿ3 ಇದ್ದರೇ ತಿಂದ ಕ್ಯಾಲ್ಸಿಯಂ ಮೈಗೆ ಸೇರುವುದು. ದೀಪ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಕಾಲ ಕಳೆದಂತೆ ಕುಗ್ಗುತ್ತದೆ. 6ರಿಂದ 12 ತಿಂಗಳೊಳಗೆ ಬದಲಾಯಿಸಬೇಕು.

ಇನ್ನೂ ಸುಲಭ ಬೇಕೆಂದರೆ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ ಇದೆ. ಇದರಲ್ಲಿ ಹುಟ್ಟಾ ಕ್ಯಾಲ್ಸಿಯಂ ಹೆಚ್ಚು, ಪುಡಿ ಹಚ್ಚುವ ಕೆಲಸವಿಲ್ಲ. ತಂಪಾದ ಜಾಗದಲ್ಲಿಟ್ಟರೆ ಮೇವು ಹಾಕದೆಯೂ ಸ್ವಲ್ಪ ದಿನ ಇರುತ್ತದೆ. ಕೆಲಸ ಜಾಸ್ತಿ ಇರುವ ವಾರ ಇದೇ ನನ್ನ ಕೈ ಹಿಡಿಯುವುದು. ವ್ಯಾಕ್ಸ್‌ವರ್ಮ್ ಎಂಬ ಮರಿಹುಳ ಬರೀ ಕೊಬ್ಬು, ಅದು ಯಾವಾಗಲೋ ಒಮ್ಮೆ. ಹಣ್ಣೂ ಅಷ್ಟೇ.

ಕೊಡಲೇಬಾರದ್ದು ಕೆಲವು ಇವೆ. ಬೆಣ್ಣೆಹಣ್ಣು ವಿಷ. ಮಿಣುಕುಹುಳವಂತೂ ಒಂದೇ ಒಂದು ತಿಂದರೂ ಬೆಳೆದ ಓತಿ ಸತ್ತುಹೋಗಬಹುದು. ಹೊರಗೆ ಹಿಡಿದು ತಂದ ಯಾವ ಹುಳವನ್ನೂ ನಾನು ಹಾಕುವುದಿಲ್ಲ. ಅದರ ಮೈಮೇಲೆ ಯಾವ ಕೀಟನಾಶಕ ಇದೆಯೋ, ಒಳಗೆ ಯಾವ ಪರಾವಲಂಬಿ ಇದೆಯೋ ಯಾರಿಗೆ ಗೊತ್ತು?

ಹೊತ್ತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಳಿಗ್ಗೆ ದೀಪ ಹಾಕಿ, ಓತಿ ಅದರ ಬಿಸಿಗೆ ಚೆನ್ನಾಗಿ ಮೈ ಕಾಯಿಸಿಕೊಂಡ ಮೇಲೆಯೇ ಊಟ. ಕಾಯಿಸಿಕೊಳ್ಳುವ ಜಾಗ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು, ಮೈ ಬಿಸಿಯಿಲ್ಲದೆ ತಿಂದದ್ದು ಅರಗುವುದಿಲ್ಲ. ದೀಪ ಆರಿಸುವ ಎರಡು ಗಂಟೆ ಮೊದಲೇ ಕೊನೆಯ ಹುಳ ಮುಗಿದಿರಬೇಕು. ಟೈಮರ್ ಹಾಕಿದರೆ ಇದೂ ತಲೆನೋವಲ್ಲ.

ಭಾನುವಾರವೇ ಇಬ್ಬರನ್ನೂ ಅಡುಗೆಮನೆಯಲ್ಲಿ ಬಳಸುವಂಥದ್ದೇ ಒಂದು ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ. ಕೆಂಚನ ತೂಕ ಹೋದ ವಾರದಷ್ಟೇ ಇದೆ, ಪುಟ್ಟಿಯದು ಏರಿದೆ. ಇಬ್ಬರಿಗೂ ಇರಬೇಕಾದದ್ದು ಹಾಗೆಯೇ. ಮುಂದಿನ ತಿಂಗಳಿಂದ ಪುಟ್ಟಿಯ ಒಂದು ಹೊತ್ತಿನ ಹುಳ ಕಡಿಮೆ ಮಾಡಿ, ಬೆಳಗಿನ ಹೊತ್ತು ಸೊಪ್ಪನ್ನೇ ಮೊದಲು ಇಡಬೇಕು. ಹಸಿದಾಗ ಎದುರಿಗೆ ಸೊಪ್ಪೇ ಇದ್ದರೆ ತಿನ್ನಲು ಕಲಿಯುತ್ತಾಳೆ.