ಇನ್ಸ್‌ಪೆಕ್ಟರ್ ಹೊರಟುಹೋದ ಮೇಲೆ

ಜೆ. ಬಿ. ಪ್ರೀಸ್ಟ್ಲಿಯ ‘ಆ್ಯನ್ ಇನ್ಸ್‌ಪೆಕ್ಟರ್ ಕಾಲ್ಸ್’ ನಾಟಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: ‘ಒಂದು ಕಡೆ ಸ್ವಾರ್ಥಿ ಕಾರ್ಖಾನೆ ಮಾಲೀಕ, ಇನ್ನೊಂದು ಕಡೆ ನ್ಯಾಯ ಹೇಳುವ ಇನ್ಸ್‌ಪೆಕ್ಟರ್. ಸಾಮಾಜಿಕ ಹೊಣೆಯ ಪಾಠ ಹೇಳಲು ಇಷ್ಟು ಸಲೀಸಾದ ದಾರಿಯೇ?’

ನೀವು ನೋಡುತ್ತಿರುವ ಜೋಡಿ ಬೇರೆ, ನಾನು ನೋಡುವ ಜೋಡಿ ಬೇರೆ ಎನ್ನುತ್ತೇನೆ.

ಆ ಜೋಡಿ ಎದ್ದು ಕಾಣುತ್ತದೆ, ನಿಜ. 1912ರ ಒಂದು ರಾತ್ರಿ, ಬ್ರಮ್ಲಿ ಎಂಬ ಕಲ್ಪಿತ ಇಂಗ್ಲಿಷ್ ಪಟ್ಟಣ. ಮಗಳು ಶೀಲಾಳ ನಿಶ್ಚಿತಾರ್ಥದ ಊಟ ಮುಗಿದಿದೆ. ಅಪ್ಪ ಬರ್ಲಿಂಗ್, ಆ ಕಾರ್ಖಾನೆ ಮಾಲೀಕ, ಭಾಷಣ ಬಿಗಿಯುತ್ತಿದ್ದಾನೆ: ಯುದ್ಧವಾಗುವುದಿಲ್ಲ, ಟೈಟಾನಿಕ್ ಮುಳುಗುವುದಿಲ್ಲ, ಅವರವರ ಪಾಡು ಅವರವರೇ ನೋಡಿಕೊಳ್ಳಬೇಕು. ಈ ಕೊನೆಯ ಮಾತು ಬಾಯಲ್ಲಿರುವಾಗಲೇ ಬಾಗಿಲಿನ ಗಂಟೆ ಬಾರಿಸುತ್ತದೆ. 1946ರಲ್ಲಿ ಇದನ್ನು ನೋಡಿದ ಲಂಡನ್ನಿನ ಪ್ರೇಕ್ಷಕರು ಎರಡು ಮಹಾಯುದ್ಧಗಳನ್ನು ಕಂಡವರು. ಬರ್ಲಿಂಗನ ಯಾವ ಭವಿಷ್ಯವಾಣಿಗೂ ಅವರ ಮುಂದೆ ಕಾಸಿನ ಬೆಲೆ ಇರಲಿಲ್ಲ.

ಬಂದವನು ಇನ್ಸ್‌ಪೆಕ್ಟರ್ ಗೂಲ್. ಈವಾ ಸ್ಮಿತ್ ಎಂಬ ಹುಡುಗಿ ಸೋಂಕುನಿವಾರಕ ಕುಡಿದು ಸತ್ತಿದ್ದಾಳೆ. ವಾರಕ್ಕೆ ಇಪ್ಪತ್ತೆರಡೂವರೆ ಶಿಲಿಂಗ್ ಸಾಲದು, ಇಪ್ಪತ್ತೈದು ಕೊಡಿ ಎಂದು ಮುಷ್ಕರ ಹೂಡಿದ್ದಕ್ಕೆ ಬರ್ಲಿಂಗ್ ಅವಳನ್ನು ಕೆಲಸದಿಂದ ತೆಗೆದಿದ್ದ. ಮುಂದೆ ಅವಳು ಸೇರಿದ ಅಂಗಡಿಯಲ್ಲಿ ಅವಳ ಒಂದು ನಗೆಯನ್ನು ಸಹಿಸದೆ ಶೀಲಾ ಅವಳನ್ನು ಕೆಲಸದಿಂದ ತೆಗೆಸಿದ್ದಳು. ಹಾಗೆ ಒಬ್ಬೊಬ್ಬರೂ ಅವಳನ್ನು ಒಂದೊಂದು ಮೆಟ್ಟಿಲು ಕೆಳಕ್ಕೆ ತಳ್ಳಿದವರೇ.

ನನ್ನ ಕಣ್ಣು ನಿಲ್ಲುವುದು ಅಮ್ಮ–ಮಗಳ ಮೇಲೆ. ಅಮ್ಮ ಒಂದು ಧರ್ಮಸಂಸ್ಥೆಯ ಪ್ರಮುಖ ಸದಸ್ಯೆ. ಗರ್ಭಿಣಿ ಈವಾ ನೆರವು ಕೇಳಿ ಬಂದಾಗ ಆಕೆಯೇ ಮುಂದೆ ನಿಂತು ಇಲ್ಲವೆನ್ನಿಸಿದವಳು. ತಪ್ಪು ತನ್ನದಲ್ಲ, ಆ ಮಗುವಿನ ತಂದೆಯದು, ಅವನಿಗೆ ಸರಿಯಾಗಿ ಬುದ್ಧಿ ಕಲಿಸಿ ಎಂದು ಇನ್ಸ್‌ಪೆಕ್ಟರನಿಗೇ ಹೇಳುತ್ತಾಳೆ. ಆ ತಂದೆ ತನ್ನ ಮಗ ಎರಿಕ್ಕನೇ ಎಂಬುದು ಅವಳಿಗೆ ತಿಳಿಯದು. ಶೀಲಾಳಿಗೆ ಅಷ್ಟರಲ್ಲಿ ಹೊಳೆದುಬಿಟ್ಟಿದೆ. ‘ಅಮ್ಮಾ, ಸಾಕು ನಿಲ್ಲಿಸು’ ಎಂದು ಅಂಗಲಾಚುತ್ತಾಳೆ. ಅಮ್ಮ ನಿಲ್ಲಿಸುವುದಿಲ್ಲ. ಇಬ್ಬರೂ ಒಂದೇ ಮನೆಯವರು, ಒಂದೇ ತಪ್ಪಿನ ಪಾಲುದಾರರು; ಒಬ್ಬಳಿಗೆ ಕಿವಿ ತೆರೆದಿದೆ, ಇನ್ನೊಬ್ಬಳಿಗೆ ಇಲ್ಲ. ಇಲ್ಲಿ ಕಪ್ಪು ಯಾವುದು, ಬಿಳುಪು ಯಾವುದು?

ಈ ಭೇದ ಪೂರ್ತಿ ಬಿಚ್ಚಿಕೊಳ್ಳುವುದು ಇನ್ಸ್‌ಪೆಕ್ಟರ್ ಹೊರಟುಹೋದ ಮೇಲೆ. ಆ ಹೆಸರಿನ ಇನ್ಸ್‌ಪೆಕ್ಟರನೇ ಇಲ್ಲ, ಆಸ್ಪತ್ರೆಯಲ್ಲಿ ಅಂಥ ಸಾವೇ ಆಗಿಲ್ಲ ಎಂದು ಗೊತ್ತಾಗುತ್ತದೆ. ಅಪ್ಪ–ಅಮ್ಮನ ಎದೆಯ ಭಾರ ಇಳಿಯಿತು. ಶೀಲಾಳ ವರ ಜೆರಾಲ್ಡ್, ಈವಾಳನ್ನು ಕೆಲಕಾಲ ಇಟ್ಟುಕೊಂಡು ಕೈಬಿಟ್ಟಿದ್ದವನು, ಶೀಲಾ ವಾಪಸು ಕೊಟ್ಟಿದ್ದ ಉಂಗುರವನ್ನು ಮತ್ತೆ ಮುಂದೆ ಹಿಡಿಯುತ್ತಾನೆ. ಈಗಲೇ ಬೇಡ ಎನ್ನುತ್ತಾಳೆ. ಯಾರು ಬಂದು ಕೇಳಿದರೇನು, ನಾವು ಮಾಡಿದ್ದು ಮಾಡಿದ್ದೇ ಅಲ್ಲವೇ ಎಂಬುದು ಅವಳದೂ ಎರಿಕ್‌ನದೂ ವಾದ. ಸಿಕ್ಕಿಬೀಳುವ ಭಯಕ್ಕೂ ಹೊಣೆಗೂ ಇರುವ ಅಂತರವನ್ನು ಪ್ರೀಸ್ಟ್ಲಿ ಭಾಷಣದಲ್ಲಿ ಹೇಳದೆ ಹೀಗೆ ಮಾಡಿ ತೋರಿಸುತ್ತಾನೆ. ಇನ್ಸ್‌ಪೆಕ್ಟರನ ವಿದಾಯದ ಮಾತುಗಳಲ್ಲಿ ಉಪದೇಶ ಸ್ವಲ್ಪ ಜಾಸ್ತಿಯೇ ಆಯಿತು ಎಂದು ನನಗೂ ಅನ್ನಿಸುತ್ತದೆ. ಆದರೆ ಆ ಉಪದೇಶ ಯಾರಿಗೆ ತಾಕಿತು, ಯಾರಿಗೆ ತಾಕಲಿಲ್ಲ ಎಂಬುದಲ್ಲವೇ ಕಥೆ? ಈ ಕಾಲದ ಮಕ್ಕಳಿಗೆ ತಮಾಷೆಯೂ ಅರ್ಥವಾಗದು ಎಂದು ಬರ್ಲಿಂಗ್ ನಗುತ್ತಿರುವಾಗಲೇ ಫೋನ್ ಬರುತ್ತದೆ: ಹುಡುಗಿಯೊಬ್ಬಳು ಈಗಷ್ಟೇ ಸತ್ತಿದ್ದಾಳೆ, ಇನ್ಸ್‌ಪೆಕ್ಟರ್ ಒಬ್ಬರು ನಿಮ್ಮ ಮನೆಗೆ ಹೊರಟಿದ್ದಾರೆ.

ಇನ್ನೊಂದು ಜೋಡಿ ಉಂಟು, ಯಾರೂ ಕೇಳುವುದಿಲ್ಲ. ಈವಾ ರಂಗಕ್ಕೆ ಬರುವುದೇ ಇಲ್ಲ. ಬರುವ ದುಡಿಯುವ ಹೆಣ್ಣು ಒಬ್ಬಳೇ, ಮನೆಗೆಲಸದ ಎಡ್ನಾ. ತಟ್ಟೆ ಎತ್ತುತ್ತಾಳೆ, ಇನ್ಸ್‌ಪೆಕ್ಟರನನ್ನು ಒಳಗೆ ಬಿಡುತ್ತಾಳೆ, ನಾಲ್ಕು ಮಾತು ಆಡುತ್ತಾಳೆ, ಅಷ್ಟೇ. ಅಷ್ಟು ಹೊತ್ತು ಈವಾಳ ಬಗ್ಗೆ ವಾದಿಸಿದ ಆ ಮನೆಯವರಲ್ಲಿ ಒಬ್ಬರೂ ಎಡ್ನಾಳ ಮುಖ ನೋಡಿ ಮಾತನಾಡುವುದಿಲ್ಲ. ಈ ನಾಟಕ ಆಡಿಸುತ್ತೇವೆ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ಎಡ್ನಾಳ ಪಾತ್ರ ಯಾರಿಗೆ ಕೊಟ್ಟಿರಿ ಎಂದು.