ನಾಲ್ಕನೇ ಕಾಟೇಜಿನ ಪತಂಗ, ನನ್ನ ಬಾಯಿ

ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ನಾನು ಸೂಪರ್‌ವೈಸರ್. ಅಂದ್ರೆ ಬುಕಿಂಗು, ಗೀಸರು, ಜಿಗಣೆ ಕಚ್ಚಿದವರಿಗೆ ಉಪ್ಪು, ಎಲ್ಲ ನಂದೇ. ಹೋದ ಮಳೆಗಾಲದ ಒಂದು ರಾತ್ರಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂಬತ್ತೂವರೆಗೆ ಕರೆಂಟ್ ಹೋಯಿತು. ಡೀಸೆಲ್ ದಂಡ ಅಂತ ಹತ್ತು ನಿಮಿಷ ಕಾದೇ ಜನರೇಟರ್ ಹಾಕಬೇಕು, ಓನರ್ ಆರ್ಡರ್. ಆ ಹತ್ತು ನಿಮಿಷದಲ್ಲೇ ನಾಲ್ಕನೇ ಕಾಟೇಜಿಂದ ಕೂಗು. "ಹಾವು! ಹಾವು!"

ಹೌಸ್‌ಕೀಪಿಂಗಿನ ಬಂಗಾಳಿ ಹುಡುಗನನ್ನು ಕರೆದುಕೊಂಡು, ಟಾರ್ಚು ಕೋಲು ಹಿಡಿದು ಓಡಿದೆ. ಒಳಗಿದ್ದದ್ದು ದಾವಣಗೆರೆ ಕಡೆಯ ಅಪ್ಪ, ಅಮ್ಮ, ಮಗಳು. ಅಪ್ಪ ಮಂಚದ ಮೇಲೆ ನಿಂತಿದ್ದರು, ಕೈಯಲ್ಲಿ ದಿಂಬು. ಪರದೆಗೆ ಟಾರ್ಚ್ ಬಿಟ್ಟೆ. ನಗು ಬಂತು. ಅಟ್ಲಾಸ್ ಪತಂಗ, ಊಟದ ತಟ್ಟೆಯಷ್ಟು ಅಗಲ. ರೆಕ್ಕೆಯ ತುದಿ ಥೇಟ್ ಹಾವಿನ ತಲೆ, ಕಣ್ಣು ಸಮೇತ. ಹಕ್ಕಿಗಳು ಹೆದರಲಿ ಅಂತ ಇರೋ ವೇಷವಂತೆ, ಹೆದರಿದ್ದು ಇವರು. ರೆಕ್ಕೆಯಲ್ಲಿ ಗಾಜಿನ ಹಾಗಿರುವ ತ್ರಿಕೋನದ ಕಿಟಕಿಗಳು, ಅದರೊಳಗಿಂದ ಪರದೆಯ ಹೂವಿನ ಡಿಸೈನ್ ಕಾಣುತ್ತಿತ್ತು.

"ರಾತ್ರಿ ಹೊತ್ತು ಇಂಥದ್ದು ಒಳಗೆ ಬಂದ್ರೆ ಒಳ್ಳೇದಲ್ಲಪ್ಪ" ಅಂದರು ಆ ಅಮ್ಮ. ಅದೇ ಹೊತ್ತಿಗೆ ಗೋಡೆ ಮೇಲೆ ಹಲ್ಲಿ ಲೊಚಗುಟ್ಟಬೇಕೇ? "ಕೃಷ್ಣ ಕೃಷ್ಣ" ಅಂತ ಮಂಚ ಕುಟ್ಟಿದರು. ನನಗೆ ಚಿಂತೆ ಶುರುವಾಯಿತು. ಹೌಸ್‌ಫುಲ್, ಬೇರೆ ರೂಮಿಲ್ಲ. ಇವರು ಚೆಕ್‌ಔಟ್ ಅಂದರೆ ಬೈಗುಳ ನನಗೆ.

ಅಷ್ಟರಲ್ಲಿ ಹುಡುಗ ಹಲ್ಲು ಕಿರಿದು "ಪ್ರಜಾಪತಿ! ಶಾದಿ ಹೋಗಾ!" ಅಂದ. ಅವರ ಕಡೆ ಚಿಟ್ಟೆಗೆ ಪ್ರಜಾಪತಿ ಅಂತಾರೆ, ಅದು ಬಂದು ಕೂತರೆ ಮದುವೆ ಗ್ಯಾರಂಟಿ, ಲಗ್ನಪತ್ರಿಕೆ ಮೇಲೂ ಚಿಟ್ಟೆ ಹಾಕಿಸುತ್ತಾರೆ. ಪತಂಗಕ್ಕೂ ಚಿಟ್ಟೆಗೂ ವ್ಯತ್ಯಾಸ ಹೇಳೋಕೆ ಅದು ಹೊತ್ತಲ್ಲ. ಸಿಕ್ಕಿದ್ದೇ ಚಾನ್ಸು ಅಂತ ನಾನು ಮಗಳ ಕಡೆ ಕೈ ತೋರಿಸಿ, "ಶುಭ ಶಕುನ ಅಮ್ಮ, ನಿಮ್ಮ ಮನೇಲಿ ಬೇಗ ವಾಲಗ ಊದುತ್ತೆ ನೋಡಿ" ಅಂದೆ.

ಯಾರೂ ಮಾತಾಡಲಿಲ್ಲ. ಶೀಟಿನ ಮೇಲೆ ಮಳೆ ಸದ್ದು ಮಾತ್ರ. ಆ ಹುಡುಗಿ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಪ್ಪ ಮಂಚದಿಂದ ಇಳಿದು ನನ್ನನ್ನು ಜಗುಲಿಗೆ ಕರೆದುಕೊಂಡು ಬಂದರು. ನಿಶ್ಚಿತಾರ್ಥ ಮುರಿದು ಮೂರು ವಾರ ಆಗಿತ್ತಂತೆ. ಮನಸ್ಸು ಹಗುರ ಆಗಲಿ ಅಂತ ಇಲ್ಲಿಗೆ ಕರೆತಂದಿದ್ದಂತೆ. ಬೈದಿದ್ದರೆ ವಾಸಿ ಇತ್ತು, ಅವರು ಬೈಯಲಿಲ್ಲ.

ಗೆಸ್ಟ್ ಹೆದರಿದಾಗ ಮೊದಲು ಲೈಟ್ ಹಾಕಬೇಕು, ಸುಮ್ನೆ ಮಾತಾಡಬಾರದು. ಆದರೆ ಡೀಸೆಲ್ ರೂಲ್ ಹಾಗೇ ಇದೆ. ಹೊಸದಾಗಿ ಕಿಚನ್ನಿನಲ್ಲಿ ಇನ್ನೊಂದು ಚೀಟಿ ಅಂಟಿಸಿದ್ದಾರೆ: "ಗೆಸ್ಟ್ ಜೊತೆ ಶಕುನದ ಮಾತು ಬೇಡ." ಅಂಟಿಸಿದ ಪುಣ್ಯಾತ್ಮರೇ ಹಾವು ಬರಬಾರದು ಅಂತ ಗೇಟಿನ ಹತ್ತಿರ ಈಶ್ವರಿ ಬಳ್ಳಿ ನೆಟ್ಟವರು! ಹಾವೇನೂ ಕಮ್ಮಿಯಾಗಿಲ್ಲ. ಅದರ ಎಲೆ ತಿನ್ನೋ ಸದರ್ನ್ ಬರ್ಡ್‌ವಿಂಗ್ ಹುಳಗಳು ಜಾಸ್ತಿಯಾಗಿವೆ. ಕೆಂಪು ಹಳದಿ ಬಣ್ಣದ ನಮ್ಮ ರಾಜ್ಯದ ಚಿಟ್ಟೆ, ಅಷ್ಟು ಲಾಭ.

ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಪತಂಗ ಅಲ್ಲೇ ಇತ್ತು. ಆ ಹುಡುಗಿ ಹತ್ತಿರ ನಿಂತು ನೋಡುತ್ತಿದ್ದಳು. ಪತಂಗದ್ದು ದಪ್ಪ ಹೊಟ್ಟೆ, ಸಣ್ಣ ಮೀಸೆ, ಅಂದ್ರೆ ಹೆಣ್ಣೇ. ಹೆಣ್ಣು ಕೂತಲ್ಲೇ ವಾಸನೆ ಬಿಟ್ಟು ಗಂಡಿಗೆ ಕಾಯುತ್ತದೆ ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಇದು ಏನು ತಿನ್ನುತ್ತೆ ಅಣ್ಣ?"

"ಏನೂ ಇಲ್ಲಮ್ಮ. ತಿನ್ನೋಕೆ ಬಾಯೇ ಇಲ್ಲ. ಒಂದೆರಡು ವಾರ ಬದುಕಿದರೆ ಹೆಚ್ಚು."

"ಬಾಯೇ ಇಲ್ವಾ? ನಿಮಗಿಂತ ವಾಸಿ ಬಿಡಿ" ಅಂತ ಕಾಫಿ ತಗೊಂಡಳು.