ವಿಂಡೋ ಮುಚ್ಚಿತು, ತಂತ್ರಾಂಶ ಮುಚ್ಚಲಿಲ್ಲ

ಹದಿನೈದು ವರ್ಷ ವಿಂಡೋಸ್‌ನಲ್ಲಿಯೇ ಕೆಲಸ ಮಾಡಿ ರೂಢಿಯಾಗಿದ್ದ ನಾನು ಮನೆಗೆ ಮ್ಯಾಕ್ ತಂದ ಮೊದಲ ವಾರ, ಒಂದು ರಾತ್ರಿ, ತೆರೆದಿದ್ದ ವಿಂಡೋಗಳನ್ನೆಲ್ಲ ಎಡ ಮೂಲೆಯ ಕೆಂಪು ಗುಂಡಿ ಒತ್ತಿ ಒಂದೊಂದಾಗಿ ಮುಚ್ಚಿದೆ. ಪರದೆ ಖಾಲಿಯಾಯಿತು. ಆದರೆ ಮೇಲಿನ ಅಂಚಿನ ಮೆನು ಪಟ್ಟಿಯಲ್ಲಿ ನಾನು ಕೊನೆಯದಾಗಿ ಬಳಸಿದ್ದ ತಂತ್ರಾಂಶದ ಹೆಸರು ಹಾಗೆಯೇ ಉಳಿದಿತ್ತು. ಕೆಳಗಿನ ಡಾಕ್‌ನಲ್ಲಿ, ಅಂದರೆ ತಂತ್ರಾಂಶಗಳ ಚಿತ್ರಗಳ ಸಾಲಿನಲ್ಲಿ, ಹನ್ನೊಂದು ಚಿತ್ರಗಳ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಚುಕ್ಕೆಗಳು ಕಾಣುತ್ತಿದ್ದವು. ಚುಕ್ಕೆಯಿದ್ದರೆ ಆ ತಂತ್ರಾಂಶ ಇನ್ನೂ ಚಾಲನೆಯಲ್ಲಿದೆ ಎಂದರ್ಥ. ಮುಚ್ಚಿದೆನೆಂದು ನಾನು ತಿಳಿದಿದ್ದ ಹನ್ನೊಂದೂ ಒಳಗೆ ಎಚ್ಚರವಾಗಿಯೇ ಇದ್ದವು.

ಇದೇ ಅನುಭವ ನಮ್ಮ ಅಕ್ಕನಿಗೂ ಆಯಿತು. ಅವಳು ಹೊಸ ಮ್ಯಾಕ್ ಕೊಂಡ ದಿನವೇ ಫೋನ್ ಮಾಡಿ, "ಎಲ್ಲಾ ಮುಚ್ಚಿದೀನಿ ಕಣೋ, ಆದ್ರೂ ಮುಚ್ಚಿಲ್ಲ ಅನ್ನುತ್ತಲ್ಲ ಇದು" ಎಂದಳು. ಅವಳಿಗೆ ವಿವರಿಸಲು ಹೊರಟಾಗ ನನಗೆ ಕನ್ನಡದ್ದೇ ಒಂದು ಮಾತು ನೆರವಿಗೆ ಬಂತು. ಶೆಟ್ಟರ ಅಂಗಡಿ ಬಾಗಿಲು ಹಾಕಿದೆ ಎಂದರೆ ರಾತ್ರಿಯಾಯಿತೆಂದೂ ಆಗಬಹುದು, ವ್ಯಾಪಾರವೇ ನಿಂತಿತೆಂದೂ ಆಗಬಹುದು. ವಿಂಡೋಸ್‌ನಲ್ಲಿ ಈ ಎರಡು ಅರ್ಥಗಳೂ ಬಹುಮಟ್ಟಿಗೆ ಬಲ ಮೂಲೆಯ ಒಂದೇ ಎಕ್ಸ್ ಗುರುತಿನಲ್ಲಿ ಸೇರಿಕೊಂಡಿವೆ. ಮ್ಯಾಕ್‌ನಲ್ಲಿ ಕಮಾಂಡ್ ಕೀಲಿಯೊಂದಿಗೆ ಡಬ್ಲ್ಯೂ ಒತ್ತಿದರೆ ವಿಂಡೋ ಮಾತ್ರ ಮುಚ್ಚುತ್ತದೆ, ಕ್ಯೂ ಒತ್ತಿದರೆ ತಂತ್ರಾಂಶವೇ ನಿಲ್ಲುತ್ತದೆ.

ಈ ವ್ಯತ್ಯಾಸದ ಬೇರು ಮೆನು ಎಲ್ಲಿದೆ ಎಂಬುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. 1984ರ ಮೊದಲ ಮ್ಯಾಕಿಂಟಾಷ್‌ನಿಂದ ಇಂದಿನವರೆಗೂ ಮೆನು ಪಟ್ಟಿ ಪರದೆಯ ಮೇಲಂಚಿನಲ್ಲಿದೆ. ಅದು ತಂತ್ರಾಂಶಕ್ಕೆ ಸೇರಿದ್ದೇ ಹೊರತು ಯಾವುದೋ ಒಂದು ವಿಂಡೋಗೆ ಸೇರಿದ್ದಲ್ಲ. ಹೀಗಾಗಿ ಒಂದೂ ವಿಂಡೋ ಇಲ್ಲದಿದ್ದರೂ ತಂತ್ರಾಂಶಕ್ಕೆ ಕಾಣಿಸಿಕೊಳ್ಳಲು ನೆಲೆಯಿದೆ, ಹೊಸ ಕಡತ ತೆರೆಯುವ ಆಯ್ಕೆ ಕೈಗೆ ಸಿಗುವಂತೆಯೇ ಇರುತ್ತದೆ. 1984ರ ಆ ಮೊದಲ ಯಂತ್ರದಲ್ಲಿದ್ದದ್ದು ಕೇವಲ 128 ಕಿಲೋಬೈಟ್ ಸ್ಮೃತಿ, ತಂತ್ರಾಂಶ ಬರಬೇಕಾದದ್ದು ಫ್ಲಾಪಿಯಿಂದ. ಒಂದು ಪತ್ರ ಮುಗಿಸಿ ಇನ್ನೊಂದನ್ನು ಬರೆಯಲು ಕುಳಿತವನು ಪ್ರತಿಸಲವೂ ಆ ಫ್ಲಾಪಿ ಓದಿ ಮುಗಿಯುವವರೆಗೆ ಕಾಯಬೇಕಾಗಿ ಬಂದಿದ್ದರೆ ಬೇಸತ್ತು ಹೋಗುತ್ತಿದ್ದ. ವಿಂಡೋಸ್‌ನಲ್ಲಾದರೋ ಮೆನು ಇರುವುದೇ ವಿಂಡೋದ ಒಳಗೆ. ಕೊನೆಯ ವಿಂಡೋ ಹೋದರೆ ತಂತ್ರಾಂಶಕ್ಕೆ ಮುಖವೇ ಇರುವುದಿಲ್ಲ, ಆದ್ದರಿಂದ ಅದೂ ಎದ್ದು ಹೋಗುತ್ತದೆ. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸರಿಯಾದ ತೀರ್ಮಾನಗಳೇ.

ವಿಂಡೋಸ್‌ಗೆ ಈ ಭೇದ ಗೊತ್ತೇ ಇರಲಿಲ್ಲ ಎಂದೂ ಹೇಳುವಂತಿಲ್ಲ. ಎಕ್ಸೆಲ್‌ನ ಹಳೆಯ ಆವೃತ್ತಿಗಳನ್ನು ಬಳಸಿದವರಿಗೆ ನೆನಪಿರಬಹುದು: ಬಲ ಮೂಲೆಯಲ್ಲಿ ಒಂದರ ಕೆಳಗೊಂದು ಎರಡು ಎಕ್ಸ್ ಗುರುತುಗಳಿರುತ್ತಿದ್ದವು. ಕೆಳಗಿನದು ಎದುರಿಗಿದ್ದ ಕಡತವನ್ನು ಮಾತ್ರ ಮುಚ್ಚುತ್ತಿತ್ತು, ಮೇಲಿನದು ಇಡೀ ಎಕ್ಸೆಲ್ಲನ್ನು. ನಾನು ಲೆಕ್ಕದ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ನಾಲ್ಕು ಕಡತಗಳನ್ನು ತೆರೆದಿಟ್ಟುಕೊಂಡು, ಒಂದನ್ನು ಮುಚ್ಚುವಾಗ ಕೈ ಒಂದು ಬೆರಳಿನಷ್ಟು ಮೇಲೆ ಸರಿದು, ನಾಲ್ಕನ್ನೂ ಉಳಿಸಬೇಕೇ ಎಂಬ ಪ್ರಶ್ನೆಗಳನ್ನು ಒಂದರ ಹಿಂದೊಂದು ಎದುರಿಸಿದ್ದುಂಟು. 2013ರ ಆವೃತ್ತಿಯಿಂದ ಪ್ರತಿ ಕಡತಕ್ಕೂ ಅದರದೇ ವಿಂಡೋ ಬಂದ ಮೇಲೆ ಆ ಜೋಡಿ ಗುರುತುಗಳು ಮಾಯವಾದವು. ಎಕ್ಸ್ ಗುರುತು ಬಲ ಮೂಲೆಗೆ ಬಂದದ್ದಾದರೂ 1995ರಲ್ಲಿ, ವಿಂಡೋಸ್ 95ರೊಂದಿಗೆ. ಅದಕ್ಕೂ ಮುಂಚೆ ಎಡ ಮೂಲೆಯ ಚೌಕದ ಮೇಲೆ ಎರಡು ಬಾರಿ ಒತ್ತಿ ವಿಂಡೋ ಮುಚ್ಚುತ್ತಿದ್ದರು.

ಗುಂಡಿಯ ಜಾಗದ ವಿಷಯದಲ್ಲಿ, ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ ಬಳಕೆದಾರರ ಪಾಡು ಇನ್ನೂ ಬೇರೆ. 2010ರಲ್ಲಿ ಗುಂಡಿಗಳು ಎಡಕ್ಕೆ ಹೋದವು, 2017ರಲ್ಲಿ ಮತ್ತೆ ಬಲಕ್ಕೆ ಬಂದವು.

ಜಾಗಕ್ಕೆ ಕೈ ಒಂದೆರಡು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಕಷ್ಟವಿರುವುದು ಅರ್ಥಕ್ಕೆ ಒಗ್ಗಿಕೊಳ್ಳುವುದರಲ್ಲಿ. ಮ್ಯಾಕ್‌ನಲ್ಲೂ ನಿಯಮಕ್ಕೆ ಅಪವಾದಗಳಿವೆ: ಸಿಸ್ಟಂ ಸೆಟ್ಟಿಂಗ್ಸ್‌ನ ವಿಂಡೋ ಮುಚ್ಚಿದರೆ ಅದು ಪೂರ್ತಿ ನಿಂತೇ ಹೋಗುತ್ತದೆ. ವಿಂಡೋಸ್‌ನಲ್ಲಿ ಕೆಲವು ಸಂದೇಶ ತಂತ್ರಾಂಶಗಳು ಎಕ್ಸ್ ಒತ್ತಿದರೂ ನಿಲ್ಲದೆ ಗಡಿಯಾರದ ಪಕ್ಕದ ಮೂಲೆಯಲ್ಲಿ ಸೇರಿಕೊಳ್ಳುತ್ತವೆ. ಇನ್ನು ಡಬ್ಲ್ಯೂ ಮತ್ತು ಕ್ಯೂ ಕೀಲಿಗಳು ಅಕ್ಕಪಕ್ಕದಲ್ಲಿರುವುದು ನನ್ನ ಮಟ್ಟಿಗೆ ದೊಡ್ಡ ತೊಡಕು. ಒಮ್ಮೆ ಉದ್ದದ ಅರ್ಜಿಯೊಂದನ್ನು ಬ್ರೌಸರಿನಲ್ಲಿ ತುಂಬುತ್ತಿದ್ದಾಗ ಪಕ್ಕದ ಟ್ಯಾಬನ್ನು ಮುಚ್ಚಲು ಹೋಗಿ ಕ್ಯೂ ಒತ್ತಿಬಿಟ್ಟೆ. ಬ್ರೌಸರ್ ಇಡಿಯಾಗಿ ಮುಚ್ಚಿ, ಮುಕ್ಕಾಲು ಗಂಟೆಯ ಕೆಲಸ ಹೋಯಿತು. ಆಮೇಲೆ ಕೀಲಿಮಣೆಯ ಸೆಟ್ಟಿಂಗ್‌ಗೆ ಹೋಗಿ, ಆ ಒಂದು ತಂತ್ರಾಂಶವನ್ನು ನಿಲ್ಲಿಸಲು ಶಿಫ್ಟ್ ಕೂಡ ಸೇರಿದ ಬೇರೆ ಜೋಡಣೆಯನ್ನು ಕೊಟ್ಟೆ. ಮ್ಯಾಕ್‌ನಲ್ಲಿ ಒಂದೊಂದು ತಂತ್ರಾಂಶಕ್ಕೂ ಹೀಗೆ ಬೇರೆಯಾಗಿ ಬದಲಿಸಿಕೊಳ್ಳುವ ಅನುಕೂಲವಿದೆ. ಹೊಸಬರು ಮೊದಲ ದಿನವೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಕಚೇರಿಯಲ್ಲಿ ಈಗಲೂ ವಿಂಡೋಸ್ ಇರುವುದರಿಂದ ನನ್ನ ತಪ್ಪುಗಳು ದಿಕ್ಕು ಬದಲಿಸಿವೆ. ತಂತ್ರಾಂಶ ಉಳಿದಿರುತ್ತದೆಂದು ನಂಬಿ ಕೊನೆಯ ವಿಂಡೋ ಮುಚ್ಚುತ್ತೇನೆ, ಮರುಗಳಿಗೆಯೇ ಅದನ್ನು ಮೊದಲಿನಿಂದ ತೆರೆಯಬೇಕಾಗುತ್ತದೆ. ಮನೆಯಲ್ಲಿ ಮಾತ್ರ ದಿನದ ಕೊನೆಗೆ ಹೊಸದೊಂದು ಅಭ್ಯಾಸ ನಿಂತಿದೆ: ಕಮಾಂಡ್ ಕೀಲಿಯನ್ನು ಬಿಡದೆ ಟ್ಯಾಬ್ ಒತ್ತಿದರೆ ಚಾಲನೆಯಲ್ಲಿರುವ ತಂತ್ರಾಂಶಗಳೆಲ್ಲ ಪರದೆಯ ನಡುವೆ ಸಾಲಾಗಿ ಬರುತ್ತವೆ, ಹಾಗೆಯೇ ಹಿಡಿದು ಒಂದೊಂದರ ಮೇಲೆ ನಿಂತು ಕ್ಯೂ ಒತ್ತಿದರೆ ಅವು ಒಂದೊಂದಾಗಿ ಸಾಲಿನಿಂದ ಇಳಿದು ಹೋಗುತ್ತವೆ, ಡಾಕ್‌ನ ಚುಕ್ಕೆಗಳೂ ಅವುಗಳ ಹಿಂದೆಯೇ ಆರುತ್ತವೆ.